ನಾನು ಕೊಟ್ಟ ಒಂದು ತಪ್ಪು ಉತ್ತರ

ಇಂಟರ್ನ್‌ಶಿಪ್ ಮುಗಿದ ಮೇಲೆ ನಾವೆಲ್ಲ ಸಲ್ಲಿಸುವ ದಾಖಲೆ ಪುಸ್ತಕ ನನ್ನ ಬಳಿ ಇನ್ನೂ ಇದೆ. ಅದರಲ್ಲಿ 2024ರ ಫೆಬ್ರವರಿ ಕೊನೆಯ ವಾರದ ಪುಟವೊಂದರಲ್ಲಿ ‘ದ್ವಿತೀಯ ಪಿಯುಸಿ ವಿದ್ಯಾರ್ಥಿನಿಗೆ ಉನ್ನತ ಶಿಕ್ಷಣದ ಬಗ್ಗೆ ಮಾರ್ಗದರ್ಶನ ನೀಡಲಾಯಿತು’ ಎಂದು ಬರೆದಿದ್ದೇನೆ. ಕೆಳಗೆ ಮೇಲ್ವಿಚಾರಕರ ಸಹಿ ಇದೆ. ಆ ಚಟುವಟಿಕೆಗೆ ಅಂಕವೂ ಬಂದಿದೆ. ಆದರೆ ಅಂದು ನಾನು ಕೊಟ್ಟ ಮಾರ್ಗದರ್ಶನ ತಪ್ಪಾಗಿತ್ತು. ಅದರಿಂದ ಒಬ್ಬ ಹುಡುಗಿಯ ಒಂದು ವರ್ಷ ಹೋಯಿತು.

ನಾನು ಇಂಟರ್ನ್‌ಶಿಪ್‌ಗೆ ಹೋಗಿದ್ದು ಹೊಸಪೇಟೆ ಕಡೆಯ ಒಂದು ಹೋಬಳಿಯ ಶಾಲೆಗೆ. ಹೈಸ್ಕೂಲು, ಪದವಿಪೂರ್ವ ಕಾಲೇಜು ಎರಡೂ ಒಂದೇ ಆವರಣದಲ್ಲಿದ್ದವು. ನಾನು ಒಂಬತ್ತನೇ ತರಗತಿಗೆ ಸಮಾಜ ವಿಜ್ಞಾನ ತೆಗೆದುಕೊಳ್ಳುತ್ತಿದ್ದೆ. ಪಿಯುಸಿ ಮಕ್ಕಳಿಗೂ ನಮಗೂ ಸಂಬಂಧ ಕಡಿಮೆ. ಆದರೂ ಆ ಹುಡುಗಿ ಒಂದು ಮಧ್ಯಾಹ್ನ ಗ್ರಂಥಾಲಯದ ಕೋಣೆಗೆ ನನ್ನನ್ನೇ ಹುಡುಕಿಕೊಂಡು ಬಂದಳು. ಅವಳ ವಾರ್ಷಿಕ ಪರೀಕ್ಷೆಗೆ ಮೂರ್ನಾಲ್ಕು ದಿನ ಉಳಿದಿತ್ತು.

ಅವಳಪ್ಪ ಹಂಪಿಯಲ್ಲಿ ಆಟೋ ಓಡಿಸುತ್ತಾರೆ. ದೆಹಲಿಯಿಂದ ಬಂದ ಇತಿಹಾಸದ ವಿದ್ಯಾರ್ಥಿಗಳ ಗುಂಪೊಂದನ್ನು ಮೂರು ದಿನ ಸುತ್ತಾಡಿಸಿದ್ದರಂತೆ. ‘ಕಲ್ಲು, ಕಾಲುವಿ ಎಲ್ಲಾ ನೋಡಿ ಬರಕೊಂತಿದ್ರಂತ್ರಿ ಮೇಡಂ. ಅದನ್ನ ಓದಸ್ತಾರಂತ್ರಿ ಅಲ್ಲಿ. ನಮ್ಮಂಥೋರಿಗೆ ಅಲ್ಲಿ ಸೀಟ್ ಸಿಗ್ತೈತೇನ್ರಿ?’ ಎಂದು ಕೇಳಿದಳು. ಮೊದಲ ಪಿಯುಸಿಯಲ್ಲಿ ಎಷ್ಟು ಎಂದೆ. ಶೇಕಡಾ 54 ಎಂದಳು. ಆ ವರ್ಷ ಅವಳವ್ವನಿಗೆ ಆಪರೇಷನ್ ಆಗಿ ಮನೆಯ ಕೆಲಸವೆಲ್ಲ ಇವಳ ಮೇಲೆ ಬಿದ್ದಿತ್ತೆಂದು ನನಗೆ ಆಮೇಲೆ ತಿಳಿಯಿತು. ಅಂದು ನಾನು ಅದನ್ನು ಕೇಳಲೇ ಇಲ್ಲ.

‘ಅಲ್ಲಿ ನೂರಕ್ಕೆ ನೂರು ತೆಗೆದವರಿಗೇ ಸೀಟು ಕಷ್ಟ ಕಣಮ್ಮ. ಮೊದಲು ಪಿಯುಸಿ ಚೆನ್ನಾಗಿ ಮುಗಿಸು’ ಎಂದೆ. ‘ಹೌದೇನ್ರಿ, ಆತು ಬಿಡ್ರಿ’ ಎಂದು ಹೋದಳು. ಎರಡು ನಿಮಿಷದ ಮಾತು.

ನಾನು ಸುಳ್ಳು ಹೇಳಿರಲಿಲ್ಲ. ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳು 2021ರಲ್ಲಿ ಕೆಲವು ವಿಷಯಗಳಿಗೆ ನೂರಕ್ಕೆ ನೂರನ್ನೇ ಕಟ್‌ಆಫ್ ಇಟ್ಟಿದ್ದವು. ಪತ್ರಿಕೆಗಳೆಲ್ಲ ಅದನ್ನು ದೊಡ್ಡದಾಗಿ ಬರೆದಿದ್ದವು. ನನ್ನ ತಲೆಯಲ್ಲಿ ಉಳಿದಿದ್ದು ಆ ಸುದ್ದಿ. ಆದರೆ ಮರುವರ್ಷವೇ, 2022ರಲ್ಲಿ, ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದಿತ್ತು. ಅದನ್ನು ಬರೆಯಬಹುದಾದ 13 ಭಾಷೆಗಳಲ್ಲಿ ಕನ್ನಡವೂ ಒಂದು. ನನಗೆ ಇದು ಗೊತ್ತಾಗಿದ್ದು 2024ರ ಮೇ ತಿಂಗಳಲ್ಲಿ, ಪರೀಕ್ಷೆ ಶುರುವಾದ ಸುದ್ದಿ ಓದಿದಾಗ. ಅವಳು ನನ್ನನ್ನು ಕೇಳಿದ ವಾರದಲ್ಲೇ ಅರ್ಜಿ ಹಾಕಲು ಅವಕಾಶ ತೆರೆದಿತ್ತು, ಒಂದು ತಿಂಗಳಿಗೂ ಹೆಚ್ಚು ಕಾಲ ತೆರೆದೇ ಇತ್ತು.

ಅವತ್ತು ರಾತ್ರಿ ಕೂತು ಪ್ರವೇಶದ ನಿಯಮಗಳನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ಅಂಕಪಟ್ಟಿಯಲ್ಲಿರುವ ಅಂಕ ಎಲ್ಲ ಕಡೆಯೂ ಒಂದೇ ಕೆಲಸ ಮಾಡುವುದಿಲ್ಲ ಎಂಬುದು ಆಗ ಅರ್ಥವಾಯಿತು. ಕೆಲವು ಕಡೆ ಅದು ಅರ್ಹತೆ ಮಾತ್ರ, ಅಂದರೆ ಹೊಸ್ತಿಲು. ದಾಟಿದರೆ ಸಾಕು, ಎಷ್ಟು ಎತ್ತರದಿಂದ ದಾಟಿದೆ ಎಂದು ಯಾರೂ ಕೇಳುವುದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಸೇರುವ ಕ್ಲ್ಯಾಟ್ ಪರೀಕ್ಷೆ ಹಾಗೆ. ಸಾಮಾನ್ಯ ವರ್ಗಕ್ಕೆ ಶೇಕಡಾ 45, ಪರಿಶಿಷ್ಟರಿಗೆ 40 ಇದ್ದರೆ ಪರೀಕ್ಷೆಗೆ ಕೂರಬಹುದು, ಆಮೇಲೆ ಲೆಕ್ಕಕ್ಕೆ ಬರುವುದು ಕ್ಲ್ಯಾಟ್ ಅಂಕ. ಇನ್ನು ಕೆಲವು ಕಡೆ ಬೋರ್ಡ್ ಅಂಕವೇ ರ‍್ಯಾಂಕಿನ ಒಂದು ಪಾಲು. ನಮ್ಮ ಕೆಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ವಿಷಯಗಳ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಅಲ್ಲಿ ಪಿಯುಸಿ ಅಂಕ ಕಡಿಮೆಯಾದರೆ ಪೆಟ್ಟು ಬೀಳುತ್ತದೆ. ಮೂರನೆಯ ಬಗೆಯಲ್ಲಿ ಅಂಕ ಸಮಬಲ ಬಿಡಿಸುವುದಕ್ಕೆ ಬರುತ್ತದೆ. ದೆಹಲಿಯಲ್ಲಿ ಈಗ ಹನ್ನೆರಡನೇ ತರಗತಿ ಪಾಸಾಗಿರಬೇಕು, ಸೀಟು ಹಂಚುವುದು ಸಿಯುಇಟಿ ಅಂಕದ ಮೇಲೆ. ಇಬ್ಬರಿಗೆ ಒಂದೇ ಅಂಕ ಬಂದಾಗ ಬೋರ್ಡ್ ಪರೀಕ್ಷೆಯ ಅತ್ಯುತ್ತಮ ಮೂರು ವಿಷಯಗಳನ್ನು ನೋಡುತ್ತಾರೆ.

ಹೊಸ್ತಿಲೋ, ಅರ್ಧ ಪಾಲೋ, ಸಮಬಲ ಬಿಡಿಸುವ ಕೊನೆಯ ಕಡ್ಡಿಯೋ ಎಂದು ನೋಡದೆ ‘ಶೇಕಡಾ 54’ ಎಂದು ಕೇಳಿದ ಕೂಡಲೇ ನಾನು ಬಾಗಿಲು ಮುಚ್ಚಿದ್ದೆ. ವಿಶ್ವವಿದ್ಯಾಲಯ ಮುಚ್ಚದ ಬಾಗಿಲನ್ನು ಬಿ.ಇಡಿ. ಪ್ರಶಿಕ್ಷಣಾರ್ಥಿಯೊಬ್ಬಳು ಮುಚ್ಚಿದಂತಾಯಿತು.

ಮರುದಿನ ಅವಳ ಮನೆಗೆ ಹೋದೆ. ಪಿಯುಸಿಯಲ್ಲಿ 600ಕ್ಕೆ 342 ಬಂದಿತ್ತು, ಶೇಕಡಾ 57. ವಿಷಯ ಹೇಳಿದೆ, ನನ್ನದೇ ತಪ್ಪು ಎಂದೆ. ಅವಳು ಬೈಯಲಿಲ್ಲ. ‘ಮೇಡಂ ಆಗಂಗಿಲ್ಲ ಅಂದ್ರು ಅಂತ ಮನ್ಯಾಗ ಹೇಳಿದ್ದೆ. ಅಪ್ಪ ಫಾರಂ ತುಂಬಾಕ ರೊಕ್ಕ ತೆಗೆದಿಟ್ಟಿದ್ದ’ ಎಂದಳು. ಅದರ ಬದಲು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ವರ್ಷ ಅವಳು ಹತ್ತಿರದ ಸರ್ಕಾರಿ ಪದವಿ ಕಾಲೇಜಿಗೆ ಸೇರಿದಳು. ಸಿಯುಇಟಿಗೆ ವಯಸ್ಸಿನ ಮಿತಿ ಇಲ್ಲ, ಹಿಂದಿನ ವರ್ಷ ಪಾಸಾದವರೂ ಬರೆಯಬಹುದು. 2025ಕ್ಕೆ ಬರೆಯುವುದೆಂದು ನಿರ್ಧಾರವಾಯಿತು. ಅಷ್ಟರಲ್ಲಿ ನಾನು ಅದೇ ತಾಲ್ಲೂಕಿನಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ. ಭಾನುವಾರ ಅವಳು ನಮ್ಮ ಮನೆಗೆ ಬರುತ್ತಿದ್ದಳು.

ಅರ್ಜಿಯ ದಾರಿ ಗೊತ್ತಾದರೆ ಕೆಲಸ ಮುಗಿಯಿತು ಎಂದುಕೊಂಡಿದ್ದ ನನಗೆ ಎರಡನೇ ಪಾಠ ಅಲ್ಲಿ ಸಿಕ್ಕಿತು. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಸಿಗುತ್ತದೆ ನಿಜ. ಆದರೆ ಪಠ್ಯಕ್ರಮ ಎನ್‌ಸಿಇಆರ್‌ಟಿಯ ಹನ್ನೆರಡನೇ ತರಗತಿಯದು. ಆ ಪುಸ್ತಕಗಳನ್ನು ಎನ್‌ಸಿಇಆರ್‌ಟಿ ಪ್ರಕಟಿಸುವುದು ಇಂಗ್ಲಿಷ್, ಹಿಂದಿ, ಉರ್ದುವಿನಲ್ಲಿ. ಇವಳು ಓದಿದ್ದು ನಮ್ಮ ಪಿಯು ಇತಿಹಾಸದ ಪುಸ್ತಕ, ಕನ್ನಡದಲ್ಲಿ. ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡು ಯಾವುದು ಎರಡರಲ್ಲೂ ಇದೆ, ಯಾವುದು ಇವಳಿಗೆ ಹೊಸದು ಎಂದು ಪಟ್ಟಿ ಮಾಡಿದೆವು. ಹೊಸ ಪಾಠಗಳನ್ನು ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ, ಅವಳು ತನ್ನ ಮಾತಿನಲ್ಲಿ ಬರೆದುಕೊಳ್ಳುತ್ತಿದ್ದಳು.

ಅದರಲ್ಲಿ ವಿಜಯನಗರದ ಬಗ್ಗೆ ಒಂದು ಪಾಠವಿದೆ. 1800ರಲ್ಲಿ ಕಾಲಿನ್ ಮೆಕೆಂಜಿ ಹಂಪಿಯ ಅವಶೇಷಗಳನ್ನು ಸಮೀಕ್ಷೆ ಮಾಡಿದ ಸಂಗತಿಯಿಂದ ಅದು ಶುರುವಾಗುತ್ತದೆ. ನೀರನ್ನು ಹೇಗೆ ತಂದರು, ಕೋಟೆಯೊಳಗೆ ಹೊಲಗಳು ಯಾಕಿದ್ದವು, ವಿದೇಶಿ ಪ್ರವಾಸಿಗರು ಏನು ಕಂಡರು ಎಂದು ಆಧಾರ ಇಟ್ಟು ಕೇಳುತ್ತಾ ಹೋಗುತ್ತದೆ. ಅದನ್ನು ಓದುವಾಗ ಅವಳು ನನ್ನನ್ನು ತಡೆದು ತಡೆದು ಮಾತಾಡಿದಳು. ಯಾವ ಕಾಲುವೆಯಲ್ಲಿ ಈಗಲೂ ನೀರು ಹರಿಯುತ್ತದೆ, ಎಲ್ಲಿ ಬಾಳೆ ತೋಟವಿದೆ, ಎಲ್ಲಿ ಆಟೋ ಹೋಗುವುದಿಲ್ಲ ಎಂದೆಲ್ಲ ಹೇಳಿದಳು. ಶೇಕಡಾ 57ರ ಹುಡುಗಿಗೆ ಆಧಾರ ಎಂದರೇನೆಂದು ನಾನು ಕಲಿಸಬೇಕಾಗಿರಲಿಲ್ಲ. ಬಿ.ಇಡಿ.ಯಲ್ಲಿ ‘ಆಧಾರ ವಿಧಾನ’ ಎಂದು ಪಾಠಯೋಜನೆ ಬರೆದಿದ್ದ ನನಗೇ ಅವಳು ಅದನ್ನು ತೋರಿಸಿಕೊಟ್ಟಳು. ಇಂಥ ತಿಳಿವಳಿಕೆಯನ್ನು ಅವಳ ಅಂಕಪಟ್ಟಿ ಎಲ್ಲೂ ಹೇಳುವುದಿಲ್ಲ.

ಉಳಿದದ್ದೆಲ್ಲ ಅಭ್ಯಾಸದ ಕೆಲಸ. 2025ರಲ್ಲಿ ಒಬ್ಬರು ಹೆಚ್ಚೆಂದರೆ ಐದು ಪತ್ರಿಕೆ ಬರೆಯಬಹುದಿತ್ತು. ಅವಳದು ಎಚ್‌ಇಪಿಎಸ್. ಕನ್ನಡ, ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಲೆಕ್ಕ ಸರಿಹೋಯಿತು. ಹನ್ನೆರಡನೇ ತರಗತಿಯಲ್ಲಿ ಓದಿದ ವಿಷಯವನ್ನೇ ಬರೆಯಬೇಕೆಂಬ ದೆಹಲಿಯ ನಿಯಮಕ್ಕೂ ಅಡ್ಡಿ ಇರಲಿಲ್ಲ. ಪ್ರತಿ ಪತ್ರಿಕೆಗೆ 60 ನಿಮಿಷ, 50 ಪ್ರಶ್ನೆ. ಸರಿ ಉತ್ತರಕ್ಕೆ 5, ತಪ್ಪಿಗೆ ಒಂದು ಅಂಕ ಕಡಿತ. ನಮ್ಮ ಮಕ್ಕಳಿಗೆ ‘ಏನಾದರೂ ಬರಿ, ಖಾಲಿ ಬಿಡಬೇಡ’ ಎಂದು ಹೇಳಿ ಹೇಳಿ ಬೆಳೆಸಿರುತ್ತೇವೆ. ಗೊತ್ತಿಲ್ಲದ್ದನ್ನು ಬಿಡುವುದನ್ನು ಅವಳು ಹೊಸದಾಗಿ ಕಲಿಯಬೇಕಾಯಿತು. ಪರೀಕ್ಷೆ ಕಂಪ್ಯೂಟರಿನಲ್ಲಿ. ಅವಳು ಮೌಸ್ ಹಿಡಿದದ್ದೇ ಕಡಿಮೆ. ನಮ್ಮ ಶಾಲೆಯ ಲ್ಯಾಬಿನಲ್ಲಿ ಮುಖ್ಯಶಿಕ್ಷಕರ ಅನುಮತಿ ಪಡೆದು ನಾಲ್ಕು ಶನಿವಾರ ಕೂರಿಸಿದೆ.

ಫಲಿತಾಂಶ ಬಂದ ಮೇಲೆ ಇನ್ನೊಂದು ಮೆಟ್ಟಿಲಿದೆ ಎಂಬುದನ್ನೂ ಬರೆಯಬೇಕು. ಸಿಯುಇಟಿ ಅಂಕ ಬಂದರೆ ಸೀಟು ತಾನಾಗಿ ಬರುವುದಿಲ್ಲ. ಆಯಾ ವಿಶ್ವವಿದ್ಯಾಲಯಕ್ಕೆ ಬೇರೆಯಾಗಿ ನೋಂದಾಯಿಸಿ ಆಯ್ಕೆಗಳನ್ನು ಕೊಡಬೇಕು. ಅವಳು ದೆಹಲಿಗೂ ಕೊಟ್ಟಳು, ಕಲಬುರಗಿ ಬಳಿ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಕೊಟ್ಟಳು. ದೆಹಲಿ ಆಗಲಿಲ್ಲ. ಕಡಗಂಚಿಯಲ್ಲಿ ಸೀಟು ಸಿಕ್ಕಿತು. ಈಗ ಅಲ್ಲಿ ಹಾಸ್ಟೆಲಿನಲ್ಲಿದ್ದಾಳೆ. ಪಿಯುಸಿಯ ಗೆಳತಿಯರು ಪದವಿಯಲ್ಲಿ ಅವಳಿಗಿಂತ ಒಂದು ವರ್ಷ ಮುಂದಿದ್ದಾರೆ.

ಪ್ರವೇಶ ಪರೀಕ್ಷೆ ಬಂದಿದ್ದರಿಂದ ಎಲ್ಲರಿಗೂ ನ್ಯಾಯ ಸಿಕ್ಕಿತು ಎಂದು ನಾನು ಹೇಳಲಾರೆ. ಕೋಚಿಂಗ್‌ಗೆ ದುಡ್ಡಿದ್ದವರು, ಇಂಗ್ಲಿಷ್ ಪುಸ್ತಕ ಸಲೀಸಾಗಿ ಓದುವವರು ಮುಂದೆಯೇ ಇರುತ್ತಾರೆ. ಕ್ಲ್ಯಾಟ್ ಅಂತೂ ಇಂಗ್ಲಿಷಿನಲ್ಲಿ ಮಾತ್ರ. ಆದರೆ ಅಂಕ ಕಡಿಮೆ ಇರುವ ಮಗುವಿಗೆ ಇರುವ ದಾರಿ ಕಿರಿದು. ಅದು ಇದೆ ಎಂದು ಹೇಳಬೇಕಾದವರೇ ಇಲ್ಲ ಎಂದುಬಿಟ್ಟರೆ ಆ ಮಗು ಬೇರೆ ಯಾರನ್ನೂ ಕೇಳುವುದಿಲ್ಲ. ಅವಳೂ ಕೇಳಲಿಲ್ಲ. ನಾವು ಪ್ರಶಿಕ್ಷಣಾರ್ಥಿಗಳು ಎಂಬುದು ನಮಗೆ ಮತ್ತು ನಮ್ಮ ಮೇಲ್ವಿಚಾರಕರಿಗೆ ಗೊತ್ತು. ಮಕ್ಕಳಿಗೆ ನಾವು ಮೇಡಂ, ಸರ್. ನಮ್ಮ ಮಾತು ಮನೆಯವರೆಗೂ ಹೋಗುತ್ತದೆ.

ಅಭ್ಯಾಸ ಬೋಧನೆಗೆ ಹೊರಡುತ್ತಿರುವ ಗೆಳೆಯರಲ್ಲಿ ನನ್ನದು ಒಂದೇ ಕೋರಿಕೆ. ಪಾಠದಲ್ಲಿ ಗೊತ್ತಿಲ್ಲದ ಪ್ರಶ್ನೆ ಬಂದರೆ ‘ನಾಳೆ ನೋಡಿ ಹೇಳುತ್ತೇನೆ’ ಎನ್ನಲು ನಮಗೆ ಕಲಿಸಿದ್ದಾರೆ. ‘ನನಗೆ ಅಲ್ಲಿ ಸೀಟು ಸಿಗುತ್ತಾ’ ಎಂಬ ಪ್ರಶ್ನೆಗೂ ಅದೇ ಉತ್ತರ ಕೊಡಿ. ಆ ವರ್ಷದ ಪ್ರಕಟಣೆ ತೆಗೆದು, ಬೋರ್ಡ್ ಅಂಕಕ್ಕೆ ಅಲ್ಲಿ ಏನು ಕೆಲಸ, ಕೊನೆಯ ದಿನ ಯಾವುದು, ಯಾವ ಭಾಷೆಯಲ್ಲಿ ಬರೆಯಬಹುದು ಎಂದು ನೋಡಿ, ಆಮೇಲೆ ಹೇಳಿ. ನಾನು ಆ ದಾಖಲೆ ಪುಸ್ತಕದ ಪುಟವನ್ನು ತಿದ್ದಿಲ್ಲ. ಈಗ ಯಾರಾದರೂ ಬಂದು ಕೇಳಿದರೆ ಮೊದಲು ಅದನ್ನು ನೆನೆದು, ‘ನಾಳೆ ಬಾ’ ಎನ್ನುತ್ತೇನೆ.