ಬಾಳ್ಗೞ್ಚು

ಆಯುಧಪೂಜೆ ಬಂತೆಂದರೆ ನಮ್ಮ ಕಟ್ಟಾಯದ ಕಡೆ ಮಚ್ಚು, ಕುಡ್ಲು, ಗುದ್ಲಿಯೆಲ್ಲ ಅಂಗಳಕ್ಕೆ ಬೀಳುತ್ತವೆ. "ಕುಡ್ಲು ತೊಳ್ಕಂಡ್ ಬಾ ಮಗ" ಅನ್ನುತ್ತಿದ್ದರು ತಾತ. ಇಟ್ಟಿಗೆ ಪುಡಿ ಹಾಕಿ ತಿಕ್ಕಿದರೆ ವರ್ಷದ ತುಕ್ಕೆಲ್ಲ ಕೆಂಪು ನೀರಾಗಿ ಕಾಲಡಿ ಹರಿಯುತ್ತಿತ್ತು. ಹಲ್ಮಿಡಿ ಶಾಸನದಲ್ಲಿ 'ಬಾಳ್ಗೞ್ಚು' ಎಂಬ ಮಾತು ಕಂಡಾಗಲೆಲ್ಲ ನನಗೆ ಆ ಕೆಂಪು ನೀರೇ ಕಣ್ಣಿಗೆ ಕಟ್ಟುತ್ತದೆ.

ಬಾಳ್ ಅಂದರೆ ಕತ್ತಿ, ಕೞ್ಚು ಅಂದರೆ ತೊಳೆ. ಕಾದಿ ಗೆದ್ದವನ ಕತ್ತಿ ತೊಳೆದು ಕೊಡುವ ಉಂಬಳಿಗೆ ಆ ಹೆಸರು. ನಮ್ಮದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಕ್ರಿ.ಶ. ಸುಮಾರು 450ರದೆನ್ನುವ ಹದಿನಾರು ಸಾಲಿನ ಕಲ್ಲು ಅದು. ಅದರಲ್ಲಿ ಬರುವ ವೀರ ವಿಜಅರಸನಿಗೆ ಎರಡು ಊರು ಸಿಕ್ಕಿದ್ದು ಬಾಳ್ಗೞ್ಚಾಗಿ.

ಈ ಪುಟ್ಟ ಮಾತಿನೊಳಗೆ ಎಷ್ಟು ವ್ಯಾಕರಣವಿದೆ ನೋಡಿ. ಬಾಳನ್ನು ಕೞ್ಚು ಎನ್ನುವಾಗಿನ 'ಅನ್ನು' ಉದುರಿಹೋಗಿದೆ, ಕಕಾರ ಮೆತ್ತಗಾಗಿ ಗಕಾರವಾಗಿದೆ. 'ಕೈಬಿಡು', 'ಕಣ್ದೆರೆ'ಗಳನ್ನು ಕಟ್ಟಿದ ಕೈಯೇ ಇದನ್ನೂ ಕಟ್ಟಿದೆ. ಲ್ಯಾಟಿನ್ನಿನಲ್ಲೂ ಕೈ ಮತ್ತು ಬಿಡು ಸೇರಿ 'ಮನುಮಿತ್ತೆರೆ' ಎಂಬ ಕ್ರಿಯಾಪದವಿದೆ. ಆದರೆ ಅಲ್ಲಿ ಅದರರ್ಥ ಗುಲಾಮನನ್ನು ಬಂಧನದಿಂದ ಬಿಡಿಸುವುದು. ಕೈ ಬಿಟ್ಟರೆ ನಮ್ಮಲ್ಲಿ ಅನಾಥ, ಅಲ್ಲಿ ಸ್ವತಂತ್ರ! ಬಿಡಿ ಪದಗಳ ಅರ್ಥ ಕೂಡಿಸಿದರೆ ಸಮಾಸದ ಅರ್ಥ ಸಿಕ್ಕೇಬಿಡುತ್ತದೆ ಎಂದು ನಂಬುವಂತಿಲ್ಲ.

ನನಗೆ ಅತಿ ಪ್ರಿಯವಾದದ್ದು ಇದರ ಎರಡು ಅಕ್ಷರ. ಬಾಳ್‌ನಲ್ಲಿರುವುದು ಕುಳ (ಳ), ಕೞ್ಚುವಿನಲ್ಲಿರುವುದು ರಳ (ೞ). ಹಳಗನ್ನಡದವರ ಕಿವಿಗೆ ಬಾಳ್ ಕತ್ತಿ, ಬಾೞ್ ಬದುಕು, ಬೇರೆ ಬೇರೆ. ರಳ ನಮ್ಮ ನಾಲಗೆಯಿಂದ ಜಾರಿದ ಮೇಲೆ ಎರಡೂ 'ಬಾಳು' ಆಗಿಬಿಟ್ಟವು. ಒಂದೇ ಪದದಲ್ಲಿ ಕುಳವೂ ರಳವೂ ಅಕ್ಕಪಕ್ಕ ಕೂತಿರುವುದು ಕಂಡಾಗ ಕಳೆದುಹೋದ ಒಡವೆ ಕೈಗೆ ಸಿಕ್ಕಂತಾಗುತ್ತದೆ.

ಹತ್ತನೆಯ ಶತಮಾನದ ಆತಕೂರಿನ ಕಲ್ಲಿಗೆ ಬರುವಷ್ಟರಲ್ಲಿ ಅದು 'ಬಾಳ್ಗಚ್ಚು'. ಕೞ್ಚು ಮಾತ್ರ ಕರ್ಚು ಆಗಿ ಬಹುಕಾಲ ಬಾಳಿತು: ದಾನ ಪಡೆಯುವವರ ಪಾದ ತೊಳೆದು ಭೂಮಿ ಕೊಟ್ಟಾಗ 'ಕಾಲಂ ಕರ್ಚಿ' ಎಂದು ಶಾಸನಗಳು ಬರೆದವು. ಅಲ್ಲಿ ವಿಭಕ್ತಿ ಉಳಿಯಿತು, ಕಕಾರವೂ ಉಳಿಯಿತು. ಈಗ ನಮಗುಳಿದಿರುವುದು 'ತೊಳೆ' ಒಂದೇ.

ಹಲ್ಮಿಡಿಯ ಮೂಲ ಕಲ್ಲು ಮೈಸೂರಿಗೆ ಹೋಗಿದೆ, ಊರಲ್ಲಿರುವುದು ಅದರ ಪ್ರತಿಕೃತಿ. ಬೇಲೂರು ಗುಡಿ ನೋಡಲು ಹೋಗುವವರು ದಯಮಾಡಿ ಹಲ್ಮಿಡಿಗೂ ಹೋಗಿ ಬನ್ನಿ, ಮಕ್ಕಳನ್ನೂ ಕರೆದುಕೊಂಡು ಹೋಗಿ, ಆ ಪದವನ್ನು ಅವರ ಬಾಯಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿಸಿ.