ಅಪಾತ್ರದಾನ

ದಾನ ಮಾಡುವಾಗ ಪಾತ್ರಾಪಾತ್ರವನ್ನು ವಿವೇಚಿಸಬೇಕೆಂದು ಹಿರಿಯರು ಹೇಳುವುದುಂಟು. ಬಾಗಿಲಿಗೆ ಬಂದವನಿಗೆ ಹಿಡಿ ಅಕ್ಕಿ ನೀಡುವ ಗೃಹಿಣಿಯೂ ಒಮ್ಮೆ ಅವನ ಮುಖ ನೋಡಿಯೇ ನೀಡುತ್ತಾಳೆ. ಆದರೆ ಮನುಷ್ಯನ ಶರೀರದೊಳಗೇ, ಮುಖ ನೋಡದೆ ಹಗಲಿರುಳೂ ನೆರವು ನೀಡುವ ದಾನಿಗಳಿದ್ದಾರೆ. ಅವರ ಔದಾರ್ಯವು ಒಮ್ಮೊಮ್ಮೆ ಯಜಮಾನನ ಪ್ರಾಣಕ್ಕೇ ಎರವಾಗುತ್ತದೆ.

ಷಾಪರೋನ್ ಪ್ರೋಟೀನುಗಳೇ ಆ ದಾನಿಗಳು. ಹಿಂದಿನ ಕಾಲದ ಯೂರೋಪಿನಲ್ಲಿ, ಅವಿವಾಹಿತ ತರುಣಿಯು ಸಮಾರಂಭಕ್ಕೆ ಹೊರಟರೆ ಕಾವಲಿಗೆಂದು ಜೊತೆಗೆ ಹೋಗುತ್ತಿದ್ದ ಹಿರಿಯ ಹೆಂಗಸಿಗೆ ಷಾಪರೋನ್ ಎಂಬ ಹೆಸರಿತ್ತು. ಜೀವಕೋಶದಲ್ಲಿ ಆಗತಾನೆ ಹುಟ್ಟಿದ ಪ್ರೋಟೀನು ಉದ್ದನೆಯ ನೂಲಿನಂತಿರುತ್ತದೆ. ಸರಿಯಾಗಿ ಮಡಿಸಿಕೊಂಡ ಮೇಲೆಯೇ ಅದು ಕೆಲಸಕ್ಕೆ ಬರುವುದು. ಅದುವರೆಗೆ ಕಂಡಕಂಡದ್ದಕ್ಕೆ ಅಂಟಿ ಕೆಡದಂತೆ ಅದನ್ನು ಕಾಯುವುದು ಷಾಪರೋನಿನ ಧರ್ಮ.

1962ರಲ್ಲಿ ಇಟಲಿಯ ವಿಜ್ಞಾನಿ ಫೆರುಚ್ಚಿಯೊ ರಿಟೋಸ ಅವರು ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿದರು. ಹಣ್ಣುನೊಣದ ಮರಿಹುಳುಗಳಿಗೆ ಬಿಸಿ ತಗುಲಿದಾಗ, ಅವುಗಳ ವರ್ಣತಂತುಗಳು ಹೊಸ ಸ್ಥಳಗಳಲ್ಲಿ ಉಬ್ಬಿಕೊಂಡಿದ್ದವು. ಆಪತ್ತಿಗೆ ಒದಗುವ ಪ್ರೋಟೀನುಗಳ ಸಿದ್ಧತೆ ಅದೆಂದು ಅನಂತರ ತಿಳಿಯಿತು. ಅವುಗಳಲ್ಲಿ ಹಲವು ಷಾಪರೋನುಗಳು.

ಕ್ಯಾನ್ಸರ್ ಕೋಶವೂ ಸದಾ ಆಪತ್ತಿನಲ್ಲಿರುವ ಕೋಶವೇ. ಕೆಟ್ಟುಹೋದ ಕೋಶವು ತಾನಾಗಿ ಸಾಯಬೇಕೆಂಬುದು ಶರೀರದ ಕಟ್ಟಳೆ. ಎಲೆ ಉದುರುವುದನ್ನು ಸೂಚಿಸುವ ಗ್ರೀಕ್ ಪದದಿಂದ ಈ ಮರಣಕ್ಕೆ 1972ರಲ್ಲಿ ‘ಅಪೊಪ್ಟೋಸಿಸ್’ ಎಂದು ಹೆಸರಿಟ್ಟರು. ಹಣ್ಣೆಲೆ ಉದುರಿದರೆ ಮರಕ್ಕೆ ಕ್ಷೇಮ. ಕೋಶದೊಳಗಿನ ಮೈಟೊಕಾಂಡ್ರಿಯದಿಂದ ಸೈಟೊಕ್ರೋಮ್ ಸಿ ಎಂಬ ಪ್ರೋಟೀನು ಹೊರಬಿದ್ದರೆ ಅದೇ ಮರಣದ ಓಲೆ. ಅಪಾಫ್-1 ಎಂಬುದು ಆ ಓಲೆಯನ್ನು ಪಡೆದು, ಕೋಶವನ್ನು ಕತ್ತರಿಸುವ ಕ್ಯಾಸ್ಪೇಸ್‌ಗಳನ್ನು ಎಬ್ಬಿಸುತ್ತದೆ. ಎಚ್‌ಎಸ್‌ಪಿ 27 ಎಂಬ ಷಾಪರೋನು ಓಲೆಯನ್ನು ದಾರಿಯಲ್ಲೇ ಹಿಡಿದಿಡುತ್ತದೆ. ಎಚ್‌ಎಸ್‌ಪಿ 70 ಕತ್ತರಿಗಳು ಏಳದಂತೆ ಅಡ್ಡಬರುತ್ತದೆ. ಎಚ್‌ಎಸ್‌ಪಿ 90, ಕೋಶವನ್ನು ಮಿತಿಮೀರಿ ಬೆಳೆಸುವ ವಿಕೃತ ಪ್ರೋಟೀನುಗಳು ಕುಸಿಯದಂತೆ ಆಸರೆ ಕೊಡುತ್ತದೆ. ಮೊದಲು ಬಗ್ಗಿದ ಗಡ್ಡೆ ಕೆಲವು ತಿಂಗಳ ಮೇಲೆ ಅದೇ ಔಷಧಕ್ಕೆ ಬಗ್ಗದೆ ಹೋದಾಗ ಮನೆಯವರು ದಿಗ್ಭ್ರಾಂತರಾಗುತ್ತಾರೆ. ಅದಕ್ಕಿರುವ ಕಾರಣಗಳಲ್ಲಿ ಈ ಆಸರೆಯೂ ಒಂದು.

ಹಾಗಾದರೆ ದಾನಿಯನ್ನೇ ಕಟ್ಟಿಹಾಕಬಾರದೆ? ಜೆಲ್ಡನಾಮೈಸಿನ್ ಎಂಬ ವಸ್ತುವು ಎಚ್‌ಎಸ್‌ಪಿ 90ಕ್ಕೆ ಅಂಟಿ ಅದನ್ನು ತಡೆಯುತ್ತದೆಂದು 1994ರಲ್ಲಿ ತಿಳಿದಾಗ ಆಸೆ ಚಿಗುರಿತು. ಆದರೆ ಅದು ಯಕೃತ್ತಿಗೆ ವಿಷವಾಯಿತು. ಅನೇಕ ಔಷಧಗಳು ಪರೀಕ್ಷೆಯಲ್ಲಿ ಸೋತ ಬಳಿಕ, ಜಠರ ಮತ್ತು ಕರುಳಿನ ಒಂದು ಬಗೆಯ ಗಡ್ಡೆಗೆ ಪಿಮಿಟೆಸ್ಪಿಬ್ ಎಂಬ ಔಷಧವನ್ನು ಜಪಾನ್ ದೇಶವು 2022ರಲ್ಲಿ ಅಂಗೀಕರಿಸಿತು. ಅದನ್ನು ಸೇವಿಸಿದ ಅನೇಕರನ್ನು ಅತಿಸಾರ ಬಾಧಿಸಿತು. ಆರೋಗ್ಯವಂತ ಕೋಶಗಳೂ ಬದುಕಿರುವುದು ಅದೇ ದಾನದಿಂದಲ್ಲವೆ?

ದಾನಿಯನ್ನು ಕೊಂದರೆ ಮನೆಮಂದಿಗೆಲ್ಲ ಉಪವಾಸ. ಸುಮ್ಮನೆ ಬಿಟ್ಟರೆ ಕಳ್ಳನೂ ಕೊಬ್ಬುತ್ತಾನೆ. ಷಾಪರೋನಿಗೆ ಪಾತ್ರಾಪಾತ್ರದ ವಿವೇಚನೆ ಇಲ್ಲ. ಅದನ್ನು ವೈದ್ಯಶಾಸ್ತ್ರವೇ ಕಲಿಯಬೇಕಾಗಿದೆ. ರೋಗಿಯ ಹಾಸಿಗೆಯ ಪಕ್ಕದಲ್ಲಿ ರಾತ್ರಿ ಕಳೆಯುವವರು ಕಾದಿರುವುದು ಆ ವಿವೇಕಕ್ಕಾಗಿಯೇ.