ಹೊಗೆ ಹಿಂದಿರುಗುವ ದಾರಿ

ಮೂವತ್ತು ವರ್ಷ ರಸಾಯನಶಾಸ್ತ್ರವನ್ನು ಬೋಧಿಸಿ ನಿವೃತ್ತನಾದವನು ನಾನು. ಹೇಳಿಕೊಟ್ಟ ಪಾಠಗಳೆಷ್ಟೋ ಮರೆತುಹೋಗಿವೆ. ತಪ್ಪಾಗಿ ಕೊಟ್ಟ ಒಂದು ಉತ್ತರ ಮಾತ್ರ ಮರೆತಿಲ್ಲ. ದಹನಕ್ರಿಯೆಯ ಪಾಠ ನಡೆಯುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, “ಸಾರ್, ಉರಿದು ಹೋದ ಹೊಗೆ ಮತ್ತೆ ಸೌದೆಯಾಗದೆ?” ಎಂದು ಕೇಳಿದನು. ತರಗತಿ ನಕ್ಕಿತು. ನಾನೂ ನಕ್ಕು, “ಅದು ಗಿಡಮರಗಳ ಕೆಲಸ, ನಮ್ಮದಲ್ಲ, ಕುಳಿತುಕೊ” ಎಂದೆನು. ಅವನು ಕುಳಿತನು, ಆ ವರ್ಷ ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ನನ್ನ ಉತ್ತರ ಅಂದಿಗೇ ಹಳಸಿದ್ದಿತು. ಹೊಗೆಯೊಡನೆ ಹೋಗುವ ಇಂಗಾಲಾಮ್ಲ ವಾಯುವನ್ನು, ಅಂದರೆ ಕಾರ್ಬನ್ ಡೈಆಕ್ಸೈಡನ್ನು, ಜಲಜನಕದೊಡನೆ ಬಿಸಿಯಾದ ನಿಕ್ಕಲ್ ಪುಡಿಯ ಮೇಲೆ ಹಾಯಿಸಿ, ಉರಿಯಬಲ್ಲ ಮೀಥೇನ್ ಅನಿಲವನ್ನು ಫ್ರಾನ್ಸಿನ ಸಬಾಟಿಯೇ ಮತ್ತು ಸೆಂಡರೆನ್ಸ್ ಎಂಬ ವಿದ್ವಾಂಸರು ೧೯೦೨ರಲ್ಲಿಯೇ ಪಡೆದಿದ್ದರು. ಮುಂದೆ ತಾಮ್ರ, ಸತುವಿನ ಆಕ್ಸೈಡು, ಅಲ್ಯೂಮಿನಾ ಸೇರಿದ ಗುಳಿಗೆಗಳ ಮೇಲೆ ಅದೇ ವಾಯು ಮೆಥನಾಲ್ ಆಗುವುದೂ ಸಾಧ್ಯವಾಯಿತು. ಐಸ್‌ಲೆಂಡಿನ ಸ್ವಾರ್ಟ್ಸೆಂಗಿಯಲ್ಲಿ ಭೂಶಾಖದ ವಿದ್ಯುದಾಗಾರದಿಂದ ಹೊರಡುವ ಇಂಗಾಲಾಮ್ಲವನ್ನು ಹಿಡಿದು ಮೆಥನಾಲ್ ಮಾಡಲು ಕಟ್ಟಿದ ಕಾರ್ಖಾನೆಯನ್ನು ೨೦೧೫ರಲ್ಲಿ ವಿಸ್ತರಿಸಿದಾಗ, ವರ್ಷಕ್ಕೆ ಸುಮಾರು ೪,೦೦೦ ಟನ್ ತಯಾರಿಸುವ ಶಕ್ತಿ ಅದಕ್ಕೆ ಬಂದಿತು.

ಈ ಘನ ವೇಗವರ್ಧಕವು ದಾರಿಯ ಪಕ್ಕದ ಕಟ್ಟೆಯಂತೆ. ವಾಯುವಿನ ಅಣುಗಳು ಅದರ ಮೈಮೇಲೆ ಬಂದು ಕುಳಿತು, ಹಳೆಯ ಬಂಧವನ್ನು ಸಡಿಲಿಸಿ, ಹೊಸದನ್ನು ಕಟ್ಟಿಕೊಂಡು ಎದ್ದುಹೋಗುತ್ತವೆ. ಕಟ್ಟೆ ಅಲ್ಲಿಯೇ ಉಳಿಯುತ್ತದೆ. ಅದು ಎಂದಿಗೂ ಬದಲಾಗದೆಂದು ನಾನು ಹೇಳಿಕೊಟ್ಟಿದ್ದೆನು. ಅದೂ ಪೂರ್ಣ ಸತ್ಯವಲ್ಲ. ಗಂಧಕ ಸೋಂಕಿದರೆ ಅದು ಕೆಡುತ್ತದೆ. ಶಾಖಕ್ಕೂ ನೀರಾವಿಗೂ ತಾಮ್ರದ ಕಣಗಳು ಒಂದಕ್ಕೊಂದು ಕೂಡಿ ದಪ್ಪಗಾಗಿ ಕ್ರಮೇಣ ಮುಪ್ಪು ಬರುತ್ತದೆ.

ಇನ್ನೂ ಮುಖ್ಯವಾದ ಮಾತೊಂದುಂಟು. ಕಟ್ಟೆ ಕುಳಿತುಕೊಳ್ಳಲು ಎಡೆ ಕೊಟ್ಟೀತು. ಬುತ್ತಿಯನ್ನು ಪ್ರಯಾಣಿಕನೇ ತರಬೇಕು. ಇಲ್ಲಿ ಬುತ್ತಿಯೆಂದರೆ ಜಲಜನಕ. ೪೪ ಸೇರು ಇಂಗಾಲಾಮ್ಲಕ್ಕೆ ೬ ಸೇರು ಜಲಜನಕ ಕೂಡಿದರೆ ೩೨ ಸೇರು ಮೆಥನಾಲ್, ೧೮ ಸೇರು ನೀರು. ಆ ಜಲಜನಕವನ್ನು ನೀರಿನಿಂದ ಬಿಡಿಸಲು ವಿದ್ಯುತ್ತು ಬೇಕು. ಅದಕ್ಕಾಗಿ ಕಲ್ಲಿದ್ದಲನ್ನು ಸುಟ್ಟರೆ, ಸಾಲ ತೀರಿಸಲು ಅದಕ್ಕಿಂತ ದೊಡ್ಡ ಸಾಲ ಮಾಡಿದಂತಾಯಿತು. ಬಿಸಿಲು, ಗಾಳಿ, ಹರಿಯುವ ನೀರು, ಭೂಮಿಯ ಶಾಖ ಇವುಗಳಿಂದ ಬಂದ ವಿದ್ಯುತ್ತಾದರೆ ಮಾತ್ರ ಲೆಕ್ಕ ಸರಿಹೋದೀತು.

ಆ ಹುಡುಗನ ಹೆಸರು ನನಗೆ ನೆನಪಿಲ್ಲ. ಎಲ್ಲಾದರೂ ಎದುರಾದರೆ, “ಆಗುವುದಪ್ಪಾ, ಸೌದೆಯಾಗದಿದ್ದರೂ ಇಂಧನವಾಗುವುದು. ಆದರೆ ಸುಟ್ಟು ಪಡೆದುದನ್ನು ತುಸು ಹೆಚ್ಚಾಗಿಯೇ ಹಿಂದಕ್ಕೆ ಕೊಡಬೇಕಾಗುತ್ತದೆ” ಎಂದು ಹೇಳುವೆನು. ಅವನು ಮತ್ತೇನಾದರೂ ಕೇಳಿದರೆ, ಈ ಸಲ ಕುಳಿತುಕೊ ಎನ್ನೆನು.